ಲೆ ವೆಸಿನೆಯ ಮೇಲಂತಸ್ತು

ಲೈಡನ್
28 ಜೂನ್ 2021

ನನ್ನ ಪ್ರೀತಿಯ ಪ್ರಹ್ಲಾದ್,

ಒಪ್ಪಿಬಿಟ್ಟರು ಮಾರಾಯಾ, ಎರಡು ತಿಂಗಳು ಫ್ರಾನ್ಸಿನಿಂದಲೇ ಕೆಲಸ ಮಾಡಲು ನಮ್ಮ ಲ್ಯಾಬಿನವರು ಒಪ್ಪಿಬಿಟ್ಟರು! ಡಿಸೆಂಬರಿನಲ್ಲಿ ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಹನ್ನೊಂದು ದಿನ. ಇನ್ನು ಅರವತ್ತು ದಿನ! ಲಸಿಕೆ ಆಯಿತು, ಫೋನಿಗೆ ಕ್ಯೂಆರ್ ಕೋಡೂ ಬಂತು.

ಸುದ್ದಿ ಮೂರು ವಾರದಷ್ಟು ಹಳೆಯದು, ಕ್ಷಮಿಸು. ನೀನು ಫೋನ್ ಮಾಡಿದಾಗಲೆಲ್ಲ ಮೀಟಿಂಗ್‌ನಲ್ಲಿದ್ದೇನೆ ಎಂದು ಮೆಸೇಜ್ ಹಾಕಿದೆನಲ್ಲ, ಯಾವ ಮೀಟಿಂಗೂ ಇರಲಿಲ್ಲ. ಫೋನಿನಲ್ಲಿ ನೀನು ಮಾತು ತಿರುಗಿಸಿಬಿಡುತ್ತೀಯ. ಅದಕ್ಕೇ ಕಾಗದ. ನನ್ನ ಕನ್ನಡ ಕೈಬರಹ ಎಂಟನೇ ಕ್ಲಾಸಿನಲ್ಲೇ ನಿಂತಿದೆ, ನಗಬೇಡ.

ಅನುಮತಿ ಬಂದ ದಿನ ಲ್ಯಾಬಿನ ಕಾರಿಡಾರಿನಲ್ಲಿ ನಿಜಕ್ಕೂ ಕುಣಿದೆ. ಮನೆಗೆ ಬಂದವಳೇ ಕಂಪ್ಯೂಟರಿನಲ್ಲಿ ಪ್ಯಾರಿಸ್ ಪಕ್ಕದ ನಿನ್ನ ಊರು ತೆರೆದೆ. ದಿನವೂ ತೆರೆಯುತ್ತೇನೆ. ಊಟವಾದ ಮೇಲೆ ಇಲ್ಲಿಯವರೆಲ್ಲ ಕಾಲುವೆಯ ಪಕ್ಕ ವಾಕಿಂಗ್ ಹೋದರೆ ನಾನು ಲೆ ವೆಸಿನೆಯಲ್ಲಿ ಮೌಸ್ ಹಿಡಿದು ನಡೆಯುತ್ತೇನೆ. ಸ್ಟೇಷನ್, ಚರ್ಚು, ಕೆರೆ, ಕೆರೆಯಾಚೆ ಎಡಕ್ಕೆ ಮೂರನೆಯ ಗೇಟು. ನನ್ನ ಜೊತೆ ಮನೆ ಹಂಚಿಕೊಂಡಿರುವ ಭಾವನಾಳ ಬಾಯಿ ನಿನಗೆ ಗೊತ್ತಲ್ಲ. ‘ಏನೇ, ಗೂಗಲ್ ಮ್ಯಾಪಲ್ಲೇ ಗೃಹಪ್ರವೇಶ ಮಾಡ್ಬಿಟ್ಯಾ? ಹಾಲು ಉಕ್ಕಿಸೋದೂ ಆನ್‌ಲೈನಾ?’ ಎಂದಳು. ನಾನು ನಕ್ಕೆ. ನಿನ್ನ ಬಾಡಿಗೆಯ ಮೇಲಂತಸ್ತಿನ ಕಿಟಕಿಯ ಪಕ್ಕದ ಇಟ್ಟಿಗೆಗಳನ್ನು ಎಣಿಸಿ ಅಳತೆ ಹಾಕಿ, ಶನಿವಾರದ ಸಂತೆಯಲ್ಲಿ ಹಳದಿ ಬಟ್ಟೆ ತಂದು ಪರದೆ ಹೊಲಿಯುತ್ತಿದ್ದೆ ಆಗ. ಡಚ್ಚರು ಪರದೆಯನ್ನೇ ಹಾಕುವುದಿಲ್ಲ, ಹೊಸ ಮದುಮಗಳಿಗೆ ಹಾಗಾಗುತ್ತದೆಯೇ!

ಊರಿನ ಚರಿತ್ರೆ ಈಗ ನಿನಗಿಂತ ನನಗೇ ಚೆನ್ನಾಗಿ ಗೊತ್ತು. ಮದಾಮ್ ಬೆರ್ತಿಯೆ ಎಂಬ ನಿವೃತ್ತ ಟೀಚರ್ ಒಬ್ಬರು ಆ ಊರಿನ ಹಳೆಯ ಬಂಗಲೆಗಳ ಬಗ್ಗೆ ಬ್ಲಾಗ್ ಬರೆಯುತ್ತಾರೆ. ನನ್ನ ಗಂಡ ನಿಮ್ಮೂರಿನವರು ಎಂದು ಮಾರ್ಚಿನಲ್ಲಿ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ. ಅಂದಿನಿಂದ ಗೆಳತಿಯರು. ಅದೆಲ್ಲ ರಾಜರ ಬೇಟೆಯ ಕಾಡಾಗಿತ್ತಂತೆ. ಮೊದಲು ರೈಲು ಬಂತು. ಇಪ್ಪತ್ತು ವರ್ಷ ಬಿಟ್ಟು ಒಂದು ಕಂಪನಿ ಕೆರೆ ತೋಡಿಸಿ, ತೊರೆ ಹರಿಸಿ, ಸೈಟು ಮಾಡಿ ಪ್ಯಾರಿಸಿನ ಹಣವಂತರಿಗೆ ಮಾರಿತು. ಜೊತೆಗೆ ಷರತ್ತು: ಬಂಗಲೆಗಳ ನಡುವೆ ಅಂಗಡಿ ಇರಬಾರದು, ಕಾರ್ಖಾನೆ ಇರಬಾರದು, ಬೇಲಿ ಹಾಕಿದರೂ ದಾರಿಯಲ್ಲಿ ಹೋಗುವವರಿಗೆ ತೋಟ ಕಾಣುತ್ತಿರಬೇಕು. ನಮ್ಮಲ್ಲಿ ಸೈಟು ಕೊಂಡವರು ಮೊದಲು ಕಾಂಪೌಂಡ್ ಎಬ್ಬಿಸುತ್ತಾರೆ. ಅಲ್ಲಿ ಮುಚ್ಚಿಡುವುದೇ ಕರಾರಿಗೆ ವಿರುದ್ಧ. ಎಂಥ ಊರು ಸಿಕ್ಕಿತು ನಿನಗೆ!

ಇವತ್ತಿಗೂ ಅಲ್ಲಿ ದಿನ ಹೇಗೆ ಸಾಗುತ್ತದೆ ಎಂದೂ ಅವರು ಬರೆದಿದ್ದಾರೆ. ಬೆಳಿಗ್ಗೆ ರೈಲು ಎರಡೂ ಕಡೆಗೆ ತುಂಬಿರುತ್ತದಂತೆ. ಬಂಗಲೆಯವರು ಪ್ಯಾರಿಸಿಗೆ ಹತ್ತುತ್ತಾರೆ, ಅವರ ಮಕ್ಕಳನ್ನು ಆಡಿಸುವವರು, ಇಸ್ತ್ರಿ ಮಾಡುವವರು, ತೋಟ ನೋಡುವವರು ಇಳಿಯುತ್ತಾರೆ. ಸಂಜೆ ಆರಕ್ಕೆ ಅದಲುಬದಲು. ಲಾಕ್‌ಡೌನಿನಲ್ಲಿ ಮೊದಲನೆಯವರು ಮನೆಯಲ್ಲೇ ಉಳಿದರು, ಎರಡನೆಯವರು ಮಾತ್ರ ಜೇಬಿನಲ್ಲಿ ಅನುಮತಿ ಚೀಟಿ ಇಟ್ಟುಕೊಂಡು ಬರುತ್ತಲೇ ಇದ್ದರು. ಓದಿದಾಗ ಅಯ್ಯೋ ಪಾಪ ಅನ್ನಿಸಿತು. ನೀನು ಯಾವ ರೈಲಿನವನು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ಬರುತ್ತೇನೆ ಎಂದೆ ನಾನು, ಟೆಸ್ಟಿನ ರಗಳೆ ಬೇಡ ಎಂದೆ ನೀನು. ಏಪ್ರಿಲ್‌ನಲ್ಲಿ ಲಾಕ್‌ಡೌನ್. ಸರಿ. ಮೇ ತಿಂಗಳಲ್ಲಿ ಮೇಲಂತಸ್ತಿಗೆ ಬಣ್ಣ ಹೊಡೆಯುತ್ತಿದ್ದಾರೆ, ವಾಸನೆಗೆ ನಿನಗೆ ತಲೆನೋವು ಬರುತ್ತದೆ ಎಂದೆ. ಎಷ್ಟು ಕಾಳಜಿ ಎಂದು ಆ ದಿನ ಭಾವನಾಳ ಮುಂದೆ ಕೊಚ್ಚಿಕೊಂಡೆ. ಅರ್ಧ ಮಂಗಳೂರಿಗೆ ಆ ಗೇಟಿನ ಫೋಟೋ ಕಳಿಸಿದವಳೂ ನಾನೇ.

ಊಟ ಸರಿಯಾಗಿ ಮಾಡು. ಅಲ್ಲಿ ಬಿಸಿಲು ಹೆಚ್ಚಂತೆ, ನೀರು ಕುಡಿ. ನಿನ್ನ ಕೈಗೆ, ನೀನು ಮುಟ್ಟಿದ್ದಕ್ಕೆಲ್ಲ ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಚುಚ್ಚಲು ಅಲ್ಲ.

ನಿನ್ನ,
ಸಂಪ್ರೀತಾ

ಮತ್ತೊಂದು ಮಾತು: ಅನುಮತಿ ಸಿಕ್ಕ ಖುಷಿಯಲ್ಲಿ ನಿನಗೆ ಸರ್‌ಪ್ರೈಸ್ ಕೊಡೋಣವೆಂದು ಮದಾಮ್ ಬೆರ್ತಿಯೆಯವರನ್ನು ಆ ಬಂಗಲೆಗೆ ಕಳಿಸಿದೆ, ನಮ್ಮ ಕಿಟಕಿಯ ಒಂದು ಒಳ್ಳೆಯ ಫೋಟೋಗೆ. ಯಜಮಾನಿ, ತೊಂಬತ್ತರ ಮುದುಕಿ, ತಾವೇ ಗೇಟಿಗೆ ಬಂದರಂತೆ. ‘ಮೇಲೆ ಯಾರೂ ಬಾಡಿಗೆಗಿಲ್ಲ, ತೀರಿಕೊಂಡ ನನ್ನ ಗಂಡನ ಪುಸ್ತಕಗಳಿವೆ. ಪ್ರಹ್ಲಾದ್ ನಮ್ಮ ಅಡುಗೆಯವನು. ಬೆಳಿಗ್ಗೆ ಎಂಟರ ರೈಲಿಗೆ ಬಂದು ಸಂಜೆ ಆರಕ್ಕೆ ಹೋಗುತ್ತಾನೆ. ಅವನ ಬೇಳೆ ಸಾರು ಇಲ್ಲದೆ ನನಗೆ ಊಟ ಸೇರುವುದಿಲ್ಲ. ಅವನಿಗೆ ಮದುವೆಯಾಗಿದೆಯೇ? ಹೇಳಲೇ ಇಲ್ಲವಲ್ಲ!’ ಎಂದರಂತೆ.

ನಾನು ನಿನ್ನ ಅಮ್ಮನಿಗೆ ಫೋನ್ ಮಾಡಿದೆ. ಗಿರಿಜಮ್ಮತ್ತೆ, ‘ಹೇಳಿದ್ರೆ ನೀನು ಒಪ್ತಿದ್ಯಾ ಮಗಾ? ನಿನ್ನ ಅಪ್ಪ ಒಪ್ತಿದ್ರಾ? ಈಗ ಎಂತ ಆಯ್ತು, ಅವನಿಗೆ ಕೆಲಸ ಉಂಟಲ್ಲ’ ಎಂದರು. ನೀನು ಮ್ಯಾನೇಜರ್ ಎಂದಿದ್ದ ಪ್ಯಾರಿಸಿನ ಆ ದೊಡ್ಡ ಹೋಟೆಲು ಮುಚ್ಚಿದ್ದು ನಮ್ಮ ಮದುವೆಗೆ ಎರಡು ತಿಂಗಳ ಮೊದಲೇ ಅಂತೆ. ಮಂಟಪದಲ್ಲಿ ನಿಮ್ಮ ಕಡೆಯವರಿಗೆಲ್ಲ ಗೊತ್ತಿತ್ತು. ಹಾರ ಹಿಡಿದು ನಿಂತ ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

ನನ್ನ ಅಜ್ಜ ಉಡುಪಿಯ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದವರು. ನನಗೆ ಇಂಗ್ಲಿಷ್ ಓದಿಸಿದ್ದು ಆ ಕಾವಲಿ. ನೀನು ಅಡುಗೆ ಮಾಡುತ್ತೀಯ ಎಂದಿದ್ದರೆ ಯಾವ ಬಗೆಯ ಸಾರು ಎಂದು ಕೇಳುತ್ತಿದ್ದೆ, ಅಷ್ಟೇ. ಅಜ್ಜನ ವಿಷಯ ನಿನಗೆ ಮದುವೆಗೆ ಮೊದಲೇ ಹೇಳಿದ್ದೆ. ನೀನು ಕೇಳಿಸಿಕೊಂಡು, ‘ಎಷ್ಟು ಸ್ವೀಟ್’ ಎಂದು ಮಾತು ತಿರುಗಿಸಿದೆ. ನನಗೆ ನಿನ್ನ ಬಗ್ಗೆ ನಾಚಿಕೆಯಾಗಬಹುದೆಂದು ನೀನೇ ತೀರ್ಮಾನಿಸಿದೆ. ಆ ಮುದುಕಿಯ ಮುಂದೆ ನನ್ನನ್ನು ಯಾಕೆ ಮುಚ್ಚಿಟ್ಟೆ, ಅದು ಇನ್ನೂ ಅರ್ಥವಾಗಿಲ್ಲ.

ಈ ಕಾಗದ ಆ ಬಂಗಲೆಯ ಅಡುಗೆಮನೆಗೇ ಬರುತ್ತದೆ. ನೀನು ರಾತ್ರಿ ಮಲಗುವ ಜಾಗದ ವಿಳಾಸ ನಿನ್ನ ಹೆಂಡತಿಗೆ ಗೊತ್ತಿಲ್ಲ. ಕೆರೆ, ತೋಟ ಏನೂ ತೋರಿಸಬೇಡ, ಆ ಕೋಣೆಗೆ ಕರೆದುಕೊಂಡು ಹೋಗು, ನಾಲ್ಕು ಜನ ಹಂಚಿಕೊಂಡಿದ್ದರೂ ಸರಿ. ನಾನು ಬರುವ ದಿನದ ಸಂಜೆಗೇ ವಾಪಸ್ ಟಿಕೆಟನ್ನೂ ತೆಗೆದಿದ್ದೇನೆ. ಅದನ್ನು ಹರಿಯುತ್ತೇನೋ ಬಳಸುತ್ತೇನೋ ನೀನು ಬಾಯಿ ಬಿಡುವವರೆಗೆ ನನಗೂ ತಿಳಿಯದು. ಜುಲೈ ಹತ್ತು, ಶನಿವಾರ, ರಾಟರ್‌ಡ್ಯಾಮಿನಿಂದ ಬರುವ ಥಾಲಿಸ್ ರೈಲು, ಪ್ಯಾರಿಸ್ ಗಾರ್ ದು ನಾರ್ ಸ್ಟೇಷನ್, ಮಧ್ಯಾಹ್ನ ಹನ್ನೆರಡೂ ಮೂವತ್ತೈದು.