ಹೋಯ್ತಾ, ಕಣ್ಣು ಬಿಡಲಾ?

ಸೋಮವಾರ, ಹದಿನಾಲ್ಕನೇ ತಾರೀಖು
ಅಂಗಡಿಯಿಂದ

ಮಗಳೇ,

ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಏಳು ವಾರವಾಯಿತು, ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. ಬೈಯುವುದಿದ್ದರೆ ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ಕಾಗದದ ಮೇಲಿರುವುದು ಬೀಗಕ್ಕೆ ಹಾಕುವ ಎಣ್ಣೆಯ ಕಲೆ. ಕಣ್ಣೀರು ಅಂತ ಕಥೆ ಕಟ್ಟಬೇಡ.

ಅಮ್ಮನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಆಗ ಅವಳು ಪಕ್ಕದಲ್ಲೇ ಕೂತಿದ್ದಳು. ಅದು ಸುಳ್ಳು. ನಿಜ ಬರೆಯುವುದಕ್ಕೇ ಅಂಗಡಿಯಲ್ಲಿ ಕೂತಿದ್ದೇನೆ. ಆದರೆ ಕೈ ಅಷ್ಟು ಬೇಗ ಅಲ್ಲಿಗೆ ಹೋಗುತ್ತಿಲ್ಲ. ಮೊದಲು ನೀನು ಕೇಳಿದ್ದನ್ನು ಮುಗಿಸುತ್ತೇನೆ.

ನಿನ್ನ ಗ್ರಂಥಾಲಯದ ಶನಿವಾರದ ಕೂಟಕ್ಕೆ, ಯಾರೂ ನೋಡಿರದ ದೆವ್ವದ ಸಿನಿಮಾ, ಕೊಲೆ ಸಿನಿಮಾ ಬೇಕು ಎಂದಿದ್ದೀಯ. 'ಅಪ್ಪನಷ್ಟು ಕಸ ನೋಡಿದವರು ಯಾರೂ ಇಲ್ಲ' ಎಂದೂ ಬರೆದಿದ್ದೀಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದು ದೊಡ್ಡ ಬಿರುದೇ ಸರಿ. ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ಇರುವುದು ನನ್ನ ಅಭಿಪ್ರಾಯ ಮಾತ್ರ.

ದೊಡ್ಡ ಹೆಸರಿನ ಸಿನಿಮಾಗಳನ್ನು ಹಾಕಲೇಬೇಡ. ಹಿಂದಿನಿಂದ ತಗಡು ಬಡಿದು ಹೆದರಿಸುತ್ತಾರೆ. ಹಾಗೆ ಬಡಿದರೆ ದನವೂ ಬೆದರುತ್ತದೆ, ಅದರಲ್ಲಿ ಏನು ಹೆಚ್ಚುಗಾರಿಕೆ?

ಮೊದಲನೆಯದು ಮುದುಕಿಯ ಸಿನಿಮಾ. ಒಂಟಿ ಮನೆಯ ಮುದುಕಿ ಸಂಜೆಯಾದರೆ ಒಂದೊಂದೇ ಬಾಗಿಲಿನ ಚಿಲಕ ನೋಡುತ್ತಾ ಬರುತ್ತಾಳೆ. ಒಂದೂವರೆ ಗಂಟೆ ಅದೇ. ಕೊನೆಯಲ್ಲಿ ಗೊತ್ತಾಗುತ್ತದೆ, ಅವಳು ಯಾರನ್ನೂ ಒಳಗೆ ಬರದಂತೆ ತಡೆಯುತ್ತಿರಲಿಲ್ಲ, ಯಾರನ್ನೋ ಒಳಗೇ ಇಟ್ಟಿದ್ದಳು. ನಾನು ಹತ್ತೇ ನಿಮಿಷಕ್ಕೆ, "ಆ ರೂಮಿನ ಚಿಲಕ ಹೊರಗಡೆ ಇದೆ!" ಎಂದು ಕೂಗಿಬಿಟ್ಟೆ. ನಿನ್ನ ಅಮ್ಮ ತೊಡೆ ಚಿವುಟಿ, "ಊರಿಗೆಲ್ಲ ಬೀಗ ಹಾಕ್ತೀರಿ, ನಿಮ್ಮ ಬಾಯಿಗೊಂದು ಹಾಕ್ಕೋಬಾರ್ದಾ?" ಎಂದಳು. ನಿನ್ನ ಕೂಟದಲ್ಲಿ ಬೀಗದವರು ಯಾರೂ ಇಲ್ಲದಿದ್ದರೆ ಧೈರ್ಯವಾಗಿ ಹಾಕು.

ಎರಡನೆಯದರಲ್ಲಿ ಒಂದು ಹನಿ ರಕ್ತವಿಲ್ಲ. ಒಬ್ಬನ ಪಕ್ಕದ ಮನೆಯಲ್ಲಿ ಮೂರು ದಿನ ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಅವನು ಹೋಗಿ ನೋಡಬಹುದು, ಹೋಗುವುದಿಲ್ಲ. ಅಷ್ಟೇ ಕಥೆ. ನನಗೆ ಎರಡು ದಿನ ಊಟ ಸೇರಲಿಲ್ಲ. ಆದರೆ ಅದರಲ್ಲಿ ಪೊಲೀಸಿನವನು ಭುಜ ಕೊಟ್ಟು ಬಾಗಿಲು ಮುರಿಯುತ್ತಾನೆ ನೋಡು, ಶುದ್ಧ ಸುಳ್ಳು. ಅಂಥ ಬೀಗಕ್ಕೆ ಭುಜ ಕೊಟ್ಟರೆ ಮುರಿಯುವುದು ಭುಜವೇ.

ಮೂರನೆಯದು ರಬ್ಬರ್ ಕೈಯ ದೆವ್ವ. ಎಲ್ಲರೂ ನಗುತ್ತಾರೆ, ನಗಲಿ. ಸತ್ತ ತಾಯಿ ದಿನವೂ ಬಂದು, ಮಲಗಿದ ಮಗುವಿನ ಮೂಗು ಒರೆಸಿ ಹೋಗುತ್ತಾಳೆ. ಹೆದರಿಸಲು ಬಂದವಳಲ್ಲ, ನೋಡಿ ಹೋಗಲು ಬಂದವಳು. ಇದನ್ನು ಬಿಡಬೇಡ.

ನಿನ್ನ ಅಮ್ಮ ಇವುಗಳಲ್ಲಿ ಒಂದನ್ನೂ ಪೂರ್ತಿ ನೋಡಿಲ್ಲ. ನಿನಗೆ ಗೊತ್ತಲ್ಲ, ಭಾನುವಾರ ಮಧ್ಯಾಹ್ನ ಪರದೆ ಎಳೆದು ಕೂತರೆ ಅವಳ ಕೈಯಲ್ಲಿ ಒಂದು ಟವೆಲ್. ದೆವ್ವ ಬಂತು ಅಂದರೆ ಟವೆಲ್ ಮುಖದ ಮೇಲಕ್ಕೆ, "ಹೋಯ್ತಾ ರೀ? ಕಣ್ಣು ಬಿಡಲಾ?" ನಾನು "ಹೋಯ್ತು" ಅಂದ ಮೇಲೇ ಟವೆಲ್ ಕೆಳಕ್ಕೆ. ಮದುವೆಯಾದ ವರ್ಷ ಟಾಕೀಸಿನಲ್ಲಿ ತಮಾಷೆಗೆ, ದೆವ್ವ ಎದುರಿಗೇ ಇರುವಾಗ "ಹೋಯ್ತು" ಎಂದಿದ್ದೆ. ಅವಳು ಕಿರುಚಿದ್ದಕ್ಕೆ ಟಾರ್ಚಿನವನು ಓಡಿ ಬಂದ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ, "ನಿಮ್ಮನ್ನ ನಂಬಿ ಕಣ್ಣು ಬಿಡ್ತೀನಿ. ಅದೊಂದರಲ್ಲಿ ಮಾತ್ರ ಸುಳ್ಳು ಬೇಡ" ಎಂದಳು. ಆಮೇಲೆ ನಲವತ್ತೊಂದು ವರ್ಷ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಡಾಕ್ಟರ ಕೋಣೆಗೆ ಬರಲಿಲ್ಲ. "ನೀವೇ ನೋಡ್ಕೊಂಡು ಬನ್ನಿ" ಎಂದು ಹೊರಗಿನ ಬೆಂಚಿನಲ್ಲಿ ಕೂತಳು. ಡಾಕ್ಟರಮ್ಮ ಒಳ್ಳೆಯವಳು, ನನ್ನ ಸಿಡುಕನ್ನೆಲ್ಲ ಸಹಿಸಿಕೊಂಡು ಎರಡು ಸಲ ಬಿಡಿಸಿ ಹೇಳಿದಳು. ಹೊಟ್ಟೆಯ ಗಡ್ಡೆ ಹರಡಿದೆ. ಕೊಯ್ದು ಪ್ರಯೋಜನವಿಲ್ಲ. ನೋವಿಗೆ ಔಷಧಿ ಕೊಡಬಹುದು. ಆರು ತಿಂಗಳು, ಹೆಚ್ಚೆಂದರೆ ಎಂಟು.

ಹೊರಗೆ ಬಂದೆ. ಅಷ್ಟು ಜನರ ನಡುವೆ ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು. "ಹೋಯ್ತಾ ರೀ?" ಎಂದಳು.

"ಹೋಯ್ತು. ಬಿಡು ಕಣ್ಣು" ಎಂದೆ.

ಈಗ ನನ್ನ ಮಾತು ಕೇಳು. ರಜೆ ಹಾಕಿ ಬಾ, ಒಂದು ವಾರಕ್ಕಲ್ಲ, ತಿಂಗಳಿಗೆ. ಅವಳು ಕೇಳಿದರೆ ಸುಮ್ಮನೆ ಬಂದೆ ಅನ್ನು. ನಿನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ. ಅಳುವುದಿದ್ದರೆ ಬಸ್ಸಿನಲ್ಲೇ ಮುಗಿಸಿಕೊಂಡು ಬಾ. ಅವಳಿಗೆ ತಿಳಿಯಬಾರದು. ನಾನು ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಇದು, ಇದನ್ನಾದರೂ ನೆಟ್ಟಗೆ ಉಳಿಸಿಕೊಳ್ಳಬೇಕು.

ಮುಂಬಾಗಿಲಿನ ಬೀಗ ಬದಲಾಯಿಸಿದ್ದೇನೆ. ಹಳೆಯದನ್ನು ತೆರೆಯಲು ಮೊಣಕಾಲಿನಿಂದ ಬಾಗಿಲು ಎತ್ತಿ, ಎರಡು ಕೈ ಹಾಕಿ ತಿರುಗಿಸಬೇಕಿತ್ತು. ಅವಳ ಮಣಿಕಟ್ಟಿನಲ್ಲಿ ಈಗ ಆ ಬಲ ಇಲ್ಲ. ಹೊಸದು ಒಂದು ಬೆರಳಿಗೆ ತಿರುಗುತ್ತದೆ. ನಿನ್ನ ಕೀಲಿಕೈ ಈ ಲಕೋಟೆಯೊಳಗೆ ಇಟ್ಟಿದ್ದೇನೆ. ಬಾಗಿಲು ತಟ್ಟಬೇಡ, ತೆಗೆದುಕೊಂಡು ಒಳಗೆ ಬಾ.

ನೂರು ಕಾಲ ಬಾಳು ತಾಯಿ. ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿನ ವಿಷಯದಲ್ಲಿ ಮಾತ್ರ ನನ್ನ ಹಾಗೆ ಆಗಬೇಡ.

ನಿನ್ನ
ಅಪ್ಪ

ಮರೆತದ್ದು: ಇದನ್ನು ಬುಧವಾರ ಸೇರಿಸುತ್ತಿದ್ದೇನೆ. ಕಾಗದ ಅಂಟಿಸಿ ಜೇಬಿನಲ್ಲಿ ಇಟ್ಟುಕೊಂಡವನು ಮತ್ತೆ ಒಡೆದೆ.

ನಿನ್ನೆ ಮಧ್ಯಾಹ್ನ ಅಂಗಡಿ ಮುಚ್ಚಿ ಬೇಗ ಮನೆಗೆ ಬಂದಿದ್ದೆ. ಒಂದು ಹೊಸ ಸಿನಿಮಾ ಹಾಕಿಕೊಂಡು ಕೂತೆವು. ಹಾಸಿಗೆ ಹಿಡಿದ ಒಬ್ಬ ಹೆಂಗಸು, ಅವಳ ಬಾಗಿಲಿಗೆ ಬಂದು ನಿಂತ ಕಪ್ಪು ಆಕಾರ. ನನಗೆ ನೋಡಲಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕಿವಿಯ ಹತ್ತಿರ, "ಹೋಯ್ತು, ಕಣ್ಣು ಬಿಡ್ರಿ" ಎಂದಳು. ಬಿಟ್ಟೆ. ಹೋಗಿರಲಿಲ್ಲ. ಟೀವಿಯ ತುಂಬ ಅದೇ ನಿಂತಿತ್ತು. ಅವಳ ಟವೆಲ್ ಮಡಚಿದ ಹಾಗೇ ತೊಡೆಯ ಮೇಲಿತ್ತು.

"ನೀನು ಸುಳ್ಳು ಹೇಳಿದೆ" ಎಂದೆ.

"ನೀವು ಹೇಳ್ಲಿಲ್ವಾ?" ಎಂದಳು. "ಇಪ್ಪತ್ತು ವರ್ಷ ಬಡ್ಕೊಂಡೆ, ಬೀಗದವನ ಮನೆ ಬೀಗ ಹೀಗಾ ಇರೋದು ಅಂತ. ಕೆಲಸ ಇದೆ, ಕೆಲಸ ಇದೆ ಅಂತಿದ್ರಿ. ಆಸ್ಪತ್ರೆಯಿಂದ ಬಂದ ಮೂರನೇ ದಿನಕ್ಕೆ ಬೆಣ್ಣೆ ಹಾಗೆ ತಿರುಗೋ ಬೀಗ ಹಾಕಿದ್ರಿ. ಕಾಯಿಲೆ ಹೋದವಳಿಗೆ ಯಾರಾದ್ರೂ ಅಂಥ ಬೀಗ ಹಾಕ್ತಾರಾ?"

ಅವಳೇ ನನ್ನ ಕೈ ಹಿಡಿದುಕೊಂಡು, "ಬೀಗ ಚೆನ್ನಾಗಿದೆ. ಈಗ ಸಿನಿಮಾ ನೋಡಿ" ಎಂದಳು.

ಹಾಗಾಗಿ ಬಸ್ಸಿನಲ್ಲಿ ಅತ್ತು ಮುಗಿಸಬೇಕಿಲ್ಲ, ಮನೆಗೇ ಬಂದು ಅಳು. ಉಳಿದ ಸಿನಿಮಾವನ್ನು ಇಬ್ಬರೂ ಕಣ್ಣು ಬಿಟ್ಟುಕೊಂಡೇ ನೋಡಿದೆವು. ಅಂಥ ಚೆನ್ನಾಗೇನೂ ಇಲ್ಲ, ನಿನ್ನ ಪಟ್ಟಿಗೆ ಬೇಡ.