ತನಿಖೆಗೆ ಬಂದವರಿಗೆ ಬೆನ್ನು ತೋರಿದ ಅಪರಾಧ

ಆಸ್ಪತ್ರೆಗಳ ತನಿಖೆಗೆ ಬರುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಹೋದ ತಿಂಗಳ ತನಿಖೆಯ ದಿನ ತಮಗೆ ಬೆನ್ನು ತೋರಿಸಿಕೊಂಡು ಮಲಗಿದ್ದ ಮಹಾಪರಾಧಿ ನಾನೇ. ಶಿಕ್ಷೆ ಮಾತ್ರ ಈ ಆಸ್ಪತ್ರೆಯ ಆಯಾ ಮುದ್ದಕ್ಕನಿಗಾಯಿತು. ಆಕೆಯನ್ನು ಕೆಲಸದಿಂದ ತೆಗೆದಿದ್ದೀರಿ. ಎರಡು ಅರ್ಜಿ ಬರೆದೆ, ಉತ್ತರವಿಲ್ಲ. ಆದ್ದರಿಂದ ಇದನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಅಕ್ಷರ ಓರೆಯಾಗಿವೆ, ಬರೆಯುವವನೂ ಓರೆಯಾಗಿಯೇ ಇದ್ದಾನೆ. ಅಚ್ಚಿನವರು ನೆಟ್ಟಗೆ ಮಾಡಿಕೊಂಡಾರು.

ನಾನು ಮತ್ತೋಡಿನ ಕೂಲಿಮಠದ ಉಪಾಧ್ಯಾಯ. ಹುಣಸೆಮರ ಹತ್ತಬೇಡಿರೋ ಎಂದು ಮಕ್ಕಳಿಗೆ ಬುದ್ಧಿ ಹೇಳುವುದಕ್ಕಾಗಿ ಹುಣಸೆಮರ ಹತ್ತಿ ಬಿದ್ದ ಪುಣ್ಯಾತ್ಮ! ಅಂದಿನಿಂದ ಸೊಂಟದ ಕೆಳಗೆ ಚಿವುಟಿದರೂ ತಿಳಿಯದು, ಸುಟ್ಟರೂ ತಿಳಿಯದು. ಮನೆಯಲ್ಲಿ ಎರಡು ತಿಂಗಳು ಅಂಗಾತ ಮಲಗಿ, ಬೆನ್ನ ಕೆಳಗೆ ಅಂಗೈಯಗಲ ಹುಣ್ಣು ಸಂಪಾದಿಸಿಕೊಂಡು ಇಲ್ಲಿಗೆ ಬಂದೆ. ಮುಲಾಮು ಹಚ್ಚಮ್ಮ ಎಂದು ನಾನು ಗೋಗರೆದರೆ ಮುದ್ದಕ್ಕ ನಕ್ಕುಬಿಟ್ಟಳು.

"ಮುಲಾಮು ಕಡೇ ಮಾತು, ಅಯ್ಯಾರೆ. ಮೊದ್ಲು ಉಚ್ಚೆ ಒಳಗೆ ನಿಲ್ಲಬಾರ್ದು. ಆಮೇಲೆ ತೊಗಲು ಒಣಗಿರ್ಬೇಕು. ಭಾರ ಒಂದೇ ಕಡೆ ಕುಂದ್ರಬಾರ್ದು. ಇಷ್ಟಾದ್ರೆ ಹುಣ್ಣು ತಾನೇ ಮಾಯ್ತೈತೆ."

ಹಾಗೆಯೇ ನಡೆಯಿತು. ಹೊಟ್ಟೆ ಮುಟ್ಟಿ ನೋಡಿ, ಬಿಗಿದಿದ್ದರೆ ಉಚ್ಚೆ ತೆಗೆಯುವ ರಬ್ಬರು ಕೊಳವೆ ಕುದಿಸಿಟ್ಟು, ಊಟಕ್ಕೆ ಕೂತ ಕಾಂಪೌಂಡರನ್ನೂ ಎಬ್ಬಿಸಿ ಕರೆತರುತ್ತಿದ್ದಳು. ಕಾಂಪೌಂಡರು ಕೈ ತೊಳೆಯದೆ ಕೊಳವೆ ಮುಟ್ಟಿದರೆ ಅವರಿಗೂ ಬೈಗುಳ! ತಾಸಿಗೊಮ್ಮೆ ಹೊಡೆಯುವ ತಾಲ್ಲೂಕು ಕಚೇರಿಯ ಗಂಟೆ ಎರಡು ಸಲ ಹೊಡೆಯಿತೆಂದರೆ ನಾನು ಎಡದಿಂದ ಬಲಕ್ಕೆ, ಮತ್ತೆರಡು ಸಲ ಹೊಡೆದರೆ ಬಲದಿಂದ ಎಡಕ್ಕೆ. ಕಚೇರಿಯ ಗಂಟೆಯಿಂದ ಈ ತಾಲ್ಲೂಕಿನಲ್ಲಿ ಉಪಕಾರವಾದ ಮೊದಲ ಪ್ರಜೆ ನಾನೇ ಇರಬೇಕು. ಮೂರೇ ತಿಂಗಳಿಗೆ ಹುಣ್ಣು ಹುಣಸೆಬೀಜದಷ್ಟಾಯಿತು. ನನಗಂತೂ ಕುಣಿಯುವಷ್ಟು ಖುಷಿ, ಕುಣಿಯುವ ಸಾಮಾನು ಮಾತ್ರ ಇರಲಿಲ್ಲ.

ಆಗ ತಮ್ಮ ಸವಾರಿ ಬಂತು. ಹನ್ನೊಂದರ ಗಂಟೆಗೆ ಆಕೆ ನನ್ನನ್ನು ಗೋಡೆಯ ಕಡೆಗೆ ಹೊರಳಿಸಿ ಇನ್ನೂ ಅರ್ಧ ಗಳಿಗೆಯಾಗಿರಲಿಲ್ಲ. "ಇದೇನು ಮರ್ಯಾದೆ? ತಿರುಗಿಸು ಅವನನ್ನು!" ಎಂದಿರಿ. ಮುದ್ದಕ್ಕ ಕೈಮುಗಿದು ಹೇಳಿದ್ದು ಇಷ್ಟೇ:

"ಸ್ವಾಮಿ, ಒಂದು ಗಂಟೆ ಹೊಡೀಲಿ, ಅಯ್ಯಾರು ನಿಮ್ ಕಡೆಗೇ ಮುಖ ಮಾಡ್ತಾರೆ. ಅಲ್ಲಿಗಂಟ ಕುಂತ್ಕಳ್ರಿ."

ಇದನ್ನು ಉದ್ಧಟತನವೆಂದು ಬರೆದುಕೊಂಡಿರಿ. ಆಮೇಲೆ ರೋಗಿಗಳೆಲ್ಲ ಅಂಗಾತ, ಸಾಲಾಗಿ, ಹೊದಿಕೆ ಬಿಗಿದು ಮಲಗತಕ್ಕದ್ದೆಂದು ಹುಕುಂ ಹೊರಡಿಸಿದಿರಿ. ಹೆಣಗಳೂ ಇಷ್ಟು ಶಿಸ್ತಾಗಿ ಮಲಗುವುದಿಲ್ಲ ಸ್ವಾಮಿ! ಮುದ್ದಕ್ಕನಿಗೆ ಮೊದಲು ಮೂತ್ರ, ಆಮೇಲೆ ಚರ್ಮ, ಆಮೇಲೆ ಹುಣ್ಣು. ತಮಗೆ ಮೊದಲು ಸಲಾಮು, ಆಮೇಲೆ ಹೊದಿಕೆ. ಮೂರನೆಯದೇನಾದರೂ ಇದೆಯೇ? ಹೋಗುವಾಗ "ನೋವಿದೆಯೇ?" ಎಂದು ಕೇಳಿದಿರಿ. "ಇಲ್ಲ" ಎಂದೆ. "ಕ್ಷೇಮ" ಎಂದು ಬರೆದಿರಿ. ಅಯ್ಯೋ ಮಹಾನುಭಾವರೇ, ನೋವಿಲ್ಲದ್ದೇ ಅಲ್ಲವೇ ನನ್ನ ಕಾಯಿಲೆ! ನನ್ನ ನೋವು ನನಗೆ ತಿಳಿಯದು. ಅದು ಮುದ್ದಕ್ಕನಿಗೆ ತಿಳಿಯುತ್ತಿತ್ತು.

ಈಗ ನನ್ನ ಹೆಂಡತಿ ದಾಕ್ಷಾಯಣಮ್ಮ ಯಾರನ್ನಾದರೂ ಮೆಲ್ಲಗೆ ಕರೆತಂದು ದಿನಕ್ಕೆರಡು ಸಲ ಕದ್ದು ಹೊರಳಿಸುತ್ತಾಳೆ. ಗಂಟೆ ಹೊಡೆದಾಗಲೆಲ್ಲ ನಾವಿಬ್ಬರೂ ಬಾಗಿಲ ಕಡೆ ನೋಡುತ್ತೇವೆ. ನಿನ್ನೆ ಹುಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದಳು. ಎಷ್ಟಾಗಿದೆಯೇ ಎಂದೆ. "ನಿಂಬೆಹಣ್ಣಿನಷ್ಟು" ಎಂದು ಹೊರಗೆ ಹೋಗಿ ಅತ್ತಳು. ನಗಿಸೋಣವೆಂದು ಈ ಪತ್ರ ಓದಿ ಹೇಳಿದೆ. ಹುಣಸೆಮರದ ಸಂಗತಿಗೆ ನಕ್ಕಳು, ಆಮೇಲೆ ನಗಲಿಲ್ಲ. ನನಗೂ ಹೆದರಿಕೆಯಾಗಿದೆ ಸ್ವಾಮಿ. ಪಕ್ಕದ ಮಂಚಕ್ಕೆ ಯಲ್ಲದಕೆರೆಯ ಕರಿಯಣ್ಣ ಬಂದಿದ್ದಾನೆ. ಅವನಿಗೂ ಕಾಲು ಸತ್ತಿವೆ. ಅವನನ್ನೂ ಅಂಗಾತ ಮಲಗಿಸಿದ್ದಾರೆ.

ಮುದ್ದಕ್ಕನನ್ನು ಈ ವಾರವೇ ಮರಳಿ ಕರೆಸಿರಿ. ನನ್ನ ಬೇಡಿಕೆ ಅದೊಂದೇ. ಮುಂದಿನ ತನಿಖೆಗೆ ಬಂದಾಗ ನನ್ನ ಬೆನ್ನೇ ಎದುರಾದರೆ, ದಯಮಾಡಿ ಮಂಚದ ಆ ಬದಿಗೆ ನಾಲ್ಕು ಹೆಜ್ಜೆ ಬನ್ನಿ. ನಗುನಗುತ್ತಲೇ ನಮಸ್ಕರಿಸುತ್ತೇನೆ. ನನಗೆ ನಡೆಯಲು ಬರುವುದಿಲ್ಲ, ತಮಗೆ ಬರುತ್ತದೆ.

ಇಂತಿ,
ಸದ್ಯಕ್ಕೆ ಎಡಮಗ್ಗುಲಾಗಿರುವ,
ಕಿಟಕಿ ಪಕ್ಕದ ಮಂಚದ ಪಂಚಾಕ್ಷರಪ್ಪ