ಎಂಜಿನ್ನಿಗೆ ಎತ್ತಿದ ಆರತಿ

೧೪ ಮಾರ್ಚ್ ೧೯೯೪, ಬೆಳಿಗ್ಗೆ
ಇವತ್ತೂ ಗಾಡಿ ತಡ. ಹೊಸಪೇಟೆ ಸ್ಟೇಷನ್ನಿನ ಬೆಂಚಿನ ಮೇಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಈ ಮೀಟರ್‌ಗೇಜ್ ಗಾಡಿ ಹತ್ತಿ ಯಶವಂತನಗರದ ಶಾಲೆ, ಸಂಜೆ ಅದರಲ್ಲೇ ಮನೆ — ಮದುವೆಗೆ ಮುಂಚಿನಿಂದಲೂ ಹೀಗೇ. ಮನೆಯವರದು ನಿನ್ನೆಯೂ ಅದೇ ರಾಗ. "ಅಕ್ಕಿ ಮಿಲ್ಲು ನಡಿಯಾಕ ಹತ್ತೈತಿ, ನಿನಗ್ಯಾಕ ಬೇಕು ನೌಕರಿ?" ಬೇಕು. ಅಷ್ಟೇ.

೩೧ ಮಾರ್ಚ್
ನಾಳೆಯಿಂದ ಹಳಿ ಕೀಳುತ್ತಾರೆ. ಅಗಲ ಹಳಿಯ ಬ್ರಾಡ್‌ಗೇಜ್ ಬರುತ್ತದಂತೆ. ಇವತ್ತಿನ ಕೊನೆಯ ಗಾಡಿಯ ಬೀಳ್ಕೊಡುಗೆ ಕಮಿಟಿಗೆ ನಮ್ಮ ಮನೆಯವರೇ ಮುಂದಾಳು. ಎಂಜಿನ್ನಿಗೆ ಬಾಳೆಕಂಬ, ಚೆಂಡುಹೂವು. ಮೈಕ್ ಹಿಡಿದು ಜಂಕ್ಷನ್ನಿನ ಇತಿಹಾಸ ಹೇಳಿದರು — ಹತ್ತಿ, ಬೆಲ್ಲ, ಮ್ಯಾಂಗನೀಸು, ಡ್ಯಾಮಿನ ಸಿಮೆಂಟು. ಹತ್ತಿ ಇಳಿದ ಜನರ ಸುದ್ದಿಯೇ ಇಲ್ಲ. ಆರತಿ ನಾನೇ ಎತ್ತಬೇಕೆಂದು ಹಠ. ಎತ್ತಿದೆ.
"ವರ್ಷದಾಗ ದೊಡ್ಡ ಗಾಡಿ ಬರ್ತೈತಿ. ಅಲ್ಲೀತನ ರಜಾ ಹಾಕು" ಎಂದರು. ಬೆಳಗಿನ ಬಸ್ಸಿಲ್ಲ, ಗಣಿ ಬಸ್ಸು ಗಣಿಯವರಿಗೆ ಮಾತ್ರ. ಹಾಕಿದೆ.

೯ ಜೂನ್ ೧೯೯೫
ಹೊಸ ಹಳಿಯ ಮೇಲೆ ಅದಿರಿನ ಗಾಡಿ. ನಿನ್ನೆಯೂ ಅದಿರು, ಮೊನ್ನೆಯೂ ಅದಿರು. ಕಲ್ಲಿಗೆ ಗಾಡಿ ಇದೆ, ಮನುಷ್ಯರಿಗಿಲ್ಲ. ಥೂ. ಸೋಮವಾರ ರಜೆ ಮುಗಿಯುತ್ತದೆ. ಹಾಜರಾಗದಿದ್ದರೆ ಕೆಲಸ ಹೋಯಿತು.

ಮಧ್ಯಾಹ್ನ
ಸ್ಟೇಷನ್ ಮಾಸ್ತರ್ ಜಡೆಪ್ಪನವರನ್ನೇ ಕೇಳಿದೆ, ಪ್ಯಾಸೆಂಜರ್ ಯಾವಾಗ ಎಂದು.
"ಆ ಕಡೆ ಪ್ಯಾಸೆಂಜರ್ ಬಿಡಂಗಿಲ್ರಿ ಟೀಚರ್. ಹಳಿ ಕೀಳೂಕಿಂತ ಮೊದ್ಲ ನಿಮ್ಮ ಯಜಮಾನ್ರಿಗೆ ಹೇಳಿದ್ನಲ್ರಿ. ನಿಮಗ ಹೇಳಿಲ್ಲೇನು?"
ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಿಂದಲೇ ಆರತಿ ಎತ್ತಿಸಿದ. ವಿರೂಪಾಕ್ಷಪ್ಪ. ಗಂಡನ ಹೆಸರು ಎತ್ತಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಇಲ್ಲಿ ಬರೆದೆ. ವಿರೂಪಾಕ್ಷಪ್ಪ, ವಿರೂಪಾಕ್ಷಪ್ಪ.

ಸಂಜೆ
ಕೇಳಿದರೆ ನಗುತ್ತಾನೆ. "ಮನ್ಯಾಗ ಆರಾಮ ಇರ್ಲಿ ಅಂತ ಸುಮ್ನಿದ್ದೆ. ತಪ್ಪೇನೈತಿ?"
ಇವನ ಆರಾಮಕ್ಕೆ ಬೆಂಕಿ ಬೀಳಲಿ.

೧೨ ಜೂನ್, ಸೋಮವಾರ, ಬೆಳಿಗ್ಗೆ
ಟ್ರಂಕಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಶಾಲೆಯ ಗೆಳತಿ ಹೊಳೆಮ್ಮ ಯಶವಂತನಗರದ ತನ್ನ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿದ್ದಾಳೆ. ಅವಳ ಗಂಡ ಹಂಪಯ್ಯನ ಅದಿರು ಲಾರಿ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದೆ. ವಿರೂಪಾಕ್ಷಪ್ಪನ ಮುಖದಲ್ಲಿ ಈಗ ನಗೆಯಿಲ್ಲ.
"ಲಾರಿ ಹತ್ತಿ ಹೊಂಟೀಯೇನು? ಮಂದಿ ಏನಂತಾರ?"
"ಅಂದ್ಕೊಳ್ಲಿ ಬಿಡ್ರಿ."
ಆಮೇಲೆ ಮೆತ್ತಗೆ —
"ಸಂಜೀಗೆ ಹೆಂಗ ಬರ್ತಿ?"
"ಬರಾಕ ಗಾಡಿ ಇಲ್ಲಲ್ರಿ."
ಮತ್ತೆ ಹಾರ್ನ್. ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಸರಿಯದಿದ್ದರೆ ಸರಿಸಿ ಹೋಗುತ್ತೇ—